ಕಿಸೆಯಿಂದ ಕಿವಿಯವರೆಗೆ

ಕಿಸೆಗೂ ಕಿವಿಗೂ ನಡುವಣ ದೂರ ಹೆಚ್ಚೆಂದರೆ ಎರಡು ಮೊಳ. ತಂತಿಯ ನೆರವಿಲ್ಲದ ಸಂಕೇತವೊಂದು ಅಟ್ಲಾಂಟಿಕ್ ಸಾಗರವನ್ನು ದಾಟಿದ್ದು 1901ರಲ್ಲಿ. ಚಂದ್ರನ ನೆಲದಿಂದ ಮನುಷ್ಯನ ಮಾತು ಭೂಮಿಯನ್ನು ಮುಟ್ಟಿದ್ದು 1969ರಲ್ಲಿ. ಅಷ್ಟು ದೂರಗಳನ್ನು ಗೆದ್ದ ವಿದ್ಯೆಗೆ ಈ ಎರಡು ಮೊಳದ ಹಾದಿಯನ್ನು ಸರ್ವರ ಕೈಗೆಟುಕುವ ಬೆಲೆಯಲ್ಲಿ, ಕಿವಿಯ ಕುಹರದಲ್ಲಿ ಅಡಗುವಷ್ಟು ಸಣ್ಣ ಉಪಕರಣದಲ್ಲಿ, ಸಂಗೀತದ ಓಟಕ್ಕೆ ಭಂಗ ಬಾರದಂತೆ ಕ್ರಮಿಸುವುದು ಸಾಧ್ಯವಾದದ್ದು ಮಾತ್ರ ನಮ್ಮ ಕಣ್ಣೆದುರಿನ ಕೆಲವೇ ವರ್ಷಗಳಲ್ಲಿ. ದೂರ ಹೆಚ್ಚಿದಂತೆ ಕಷ್ಟವೂ ಹೆಚ್ಚುವುದೆಂಬ ಸಾಮಾನ್ಯ ತರ್ಕವು ಇಲ್ಲಿ ತಲೆಕೆಳಗಾದಂತೆ ತೋರುವುದಾದರೂ, ವಿಚಾರಿಸಿ ನೋಡಿದರೆ ಅದರಲ್ಲಿ ವಿಪರೀತವಾದುದೇನೂ ಇಲ್ಲ. ದೂರವನ್ನು ಗೆಲ್ಲುವುದಕ್ಕೆ ಬಲ ಬೇಕು. ನೆರೆಹೊರೆಯ ನಡುವೆ ಬಾಳುವುದಕ್ಕೆ ಸಂಯಮ ಬೇಕು. ಯಂತ್ರಕ್ಕೆ ಬಲವನ್ನು ಒದಗಿಸುವುದಕ್ಕಿಂತ ಸಂಯಮವನ್ನು ಕಲಿಸುವುದು ಪ್ರಯಾಸದ ಕೆಲಸ. ಬ್ಲೂಟೂತ್ ಎಂದು ಇಂದು ಮನೆಮನೆಯಲ್ಲಿಯೂ ಹೆಸರಾಗಿರುವ ಹ್ರಸ್ವವ್ಯಾಪ್ತಿಯ ನಿಸ್ತಂತು ವಿದ್ಯೆಯ ಚರಿತ್ರೆಯು ಬಹುಮಟ್ಟಿಗೆ ಈ ಸಂಯಮದ ಚರಿತ್ರೆ.

ಬಲದ ಲೆಕ್ಕವನ್ನೇ ಮೊದಲು ನೋಡೋಣ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯ ಪ್ರಸಾರವನ್ನು ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ 30 ವಾಟ್ ಇದ್ದಿತು. ಮನೆಯ ಒಂದು ವಿದ್ಯುದ್ದೀಪಕ್ಕೆ ಸಲ್ಲುವ ಆ ಶಕ್ತಿ ಒಂದು ನಗರವನ್ನು ತಲಪುವುದಕ್ಕೆ ಸಾಲುತ್ತಿತ್ತು. ಹತ್ತು ಮೀಟರುಗಳ ವ್ಯಾಪ್ತಿಗೆಂದು ನಿರ್ಮಿತವಾದ ಎರಡನೆಯ ದರ್ಜೆಯ ಬ್ಲೂಟೂತ್ ಪ್ರೇಷಕಕ್ಕೆ ವಿಧಿಸಿರುವ ಪರಮಾವಧಿಯಾದರೋ 2.5 ಮಿಲಿವಾಟ್, ಎಂದರೆ ಗೋಪಾಲಸ್ವಾಮಿಯವರ ಪ್ರೇಷಕದ ಹನ್ನೆರಡು ಸಾವಿರದಲ್ಲಿ ಒಂದು ಪಾಲು. ಅದನ್ನು ಸ್ವೀಕರಿಸುವ ಗ್ರಾಹಕವು, ನಿಯಮದಲ್ಲಿ ಹೇಳಿರುವ ಕನಿಷ್ಠ ಮಟ್ಟದ ಪ್ರಕಾರ, ಒಂದು ವಾಟಿನ ಸಾವಿರ ಕೋಟಿಯಲ್ಲಿ ಒಂದಂಶದಷ್ಟು ಕ್ಷೀಣವಾದ ಸಂಕೇತವನ್ನೂ ಗ್ರಹಿಸಿ ಅರ್ಥಮಾಡಿಕೊಳ್ಳಬೇಕು. ಇಂದಿನ ಗ್ರಾಹಕಗಳು ಅದಕ್ಕಿಂತಲೂ ಸೂಕ್ಷ್ಮವಾದವು.

ಇಷ್ಟು ಕಡಿಮೆ ಶಕ್ತಿಯಲ್ಲಿ ಹೊರಡುವ ಈ ತರಂಗ ಸೆಕೆಂಡಿಗೆ ಸುಮಾರು 240 ಕೋಟಿ ಬಾರಿ ಕಂಪಿಸುತ್ತದೆ. ಅದರ ಉದ್ದ ಹನ್ನೆರಡು ಸೆಂಟಿಮೀಟರುಗಳಿಗೆ ಸ್ವಲ್ಪ ಮೇಲೆ. ಹ್ರಸ್ವತರಂಗಗಳ ಈ ಕ್ಷೇತ್ರದಲ್ಲಿ ಮೊದಲು ಕೈಯಾಡಿಸಿದವರಲ್ಲಿ ಕಲ್ಕತ್ತೆಯ ಜಗದೀಶಚಂದ್ರ ಬೋಸರು ಅಗ್ರಗಣ್ಯರೆಂಬುದನ್ನು ನೆನೆಯದೆ ಮುಂದೆ ಹೋಗಲಾಗದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅವರು ಮಿಲಿಮೀಟರುಗಳಲ್ಲಿ ಅಳೆಯತಕ್ಕ ವಿದ್ಯುತ್ಕಾಂತ ತರಂಗಗಳನ್ನು ಪ್ರಯೋಗಶಾಲೆಯಲ್ಲಿ ಉತ್ಪಾದಿಸಿ, 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವುಗಳ ಗುಣವನ್ನು ಪ್ರದರ್ಶಿಸಿದರು. ಆ ಕಾಲದ ಉದ್ಯಮಕ್ಕೆ ಬೇಕಾಗಿದ್ದುದು ಸಮುದ್ರವನ್ನು ದಾಟುವ ದೀರ್ಘತರಂಗ. ಕೆಲವು ಗಜಗಳ ಆಚೆ ಬಳಲುವ ಕಿರುತರಂಗಕ್ಕೆ ಗಿರಾಕಿಗಳಿರಲಿಲ್ಲ. ಅಂದು ದೋಷವೆನಿಸಿದ ಆ ಬಳಲಿಕೆಯೇ ಇಂದು ಗುಣವಾಗಿದೆ: ಬಸ್ಸಿನಲ್ಲಿ ಒಂದೇ ಸಾಲಿನಲ್ಲಿ ಕುಳಿತ ಆರು ಜನ ಆರು ಬಗೆಯ ಹಾಡುಗಳನ್ನು ಕೇಳುತ್ತಿರಬೇಕಾದರೆ ಒಬ್ಬೊಬ್ಬರ ತರಂಗವೂ ಬಹುದೂರ ಸಾಗದಿರುವುದೇ ಕ್ಷೇಮ.

ಆದರೆ ಸಾಗದಿರುವುದೊಂದೇ ಸಾಲದು. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸಿನ ತರಂಗಪಟ್ಟಿ ಯಾರ ಸ್ವಂತ ಆಸ್ತಿಯೂ ಅಲ್ಲ. ಅದು ಊರ ಹೊರಗಿನ ಗೋಮಾಳ. ಬಾನುಲಿ ನಿಲಯಗಳಿಗೂ ದೂರವಾಣಿ ಕಂಪನಿಗಳಿಗೂ ಹರಾಜಿನಲ್ಲಿಯೋ ಆಜ್ಞೆಯ ಮೂಲಕವೋ ಹಂಚಿಕೊಟ್ಟ ಪಟ್ಟಿಗಳು ಬೇಲಿ ಹಾಕಿದ ಹೊಲಗಳಾದರೆ, ಇದರೊಳಕ್ಕೆ ಯಾರ ದನ ಬೇಕಾದರೂ ನುಗ್ಗಬಹುದು. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಕೈಗಾರಿಕೆ, ವಿಜ್ಞಾನ, ವೈದ್ಯಕಗಳ ಉಪಕರಣಗಳಿಗೆಂದು ಇಂತಹ ಕೆಲವು ಪಟ್ಟಿಗಳನ್ನು ಬಿಟ್ಟುಕೊಟ್ಟಿತು. ಅಡಿಗೆಮನೆಯ ಮೈಕ್ರೋವೇವ್ ಒಲೆ ಇಲ್ಲಿಯೇ ತನ್ನ ಬಿಸಿಯನ್ನು ಹುಟ್ಟಿಸುತ್ತದೆ. ಸಂವಹನಕ್ಕೆ ಈ ಗಲಭೆಯ ಜಾಗ ಅಯೋಗ್ಯವೆಂದೇ ಬಹುಕಾಲದ ಎಣಿಕೆಯಾಗಿದ್ದಿತು. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗವು, ತನ್ನ ಸಂಕೇತವನ್ನು ಪಟ್ಟಿಯ ಉದ್ದಗಲಕ್ಕೂ ಹರಡಿ ಯಾರಿಗೂ ವಿಶೇಷ ತೊಂದರೆ ಕೊಡದಿರುವ ಯಾವ ಪ್ರೇಷಕವಾದರೂ ಪರವಾನಗಿಯಿಲ್ಲದೆ ಇಲ್ಲಿ ಪ್ರವೇಶಿಸಬಹುದೆಂದು ತೀರ್ಮಾನಿಸಿತು. ಆ ಒಂದು ತೀರ್ಮಾನದ ಫಲವೇ ವೈಫೈ, ಬ್ಲೂಟೂತ್ ಮೊದಲಾದ ಸಂತಾನವೆಲ್ಲ. ಭಾರತ ಸರ್ಕಾರವೂ 2005ರ ನಿಯಮಗಳ ಮೂಲಕ ಅಲ್ಪಶಕ್ತಿಯ ಉಪಕರಣಗಳಿಗೆ ಈ ಪಟ್ಟಿಯಲ್ಲಿ ಪರವಾನಗಿಯ ವಿನಾಯಿತಿಯನ್ನು ನೀಡಿತು. ಬರಿಯ ರೇಡಿಯೋ ಕೇಳುವುದಕ್ಕೂ ಅಂಚೆಕಚೇರಿಗೆ ಹೋಗಿ ಲೈಸೆನ್ಸಿನ ಪುಸ್ತಕದಲ್ಲಿ ವರ್ಷವರ್ಷವೂ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ಪೀಳಿಗೆಯ ಹಿರಿಯರಿಗೆ, ಕಾಲೇಜಿನ ಹುಡುಗಿಯೊಬ್ಬಳು ತನ್ನ ಚೀಲದಲ್ಲಿ ಎರಡು ಮೂರು ಪ್ರೇಷಕಗಳನ್ನು ಹೊತ್ತು ಯಾರ ಅಪ್ಪಣೆಯೂ ಇಲ್ಲದೆ ತಿರುಗುತ್ತಿರುವುದು ಅರಾಜಕತೆಯಾಗಿ ತೋರಿದರೆ ಅವರನ್ನು ಆಕ್ಷೇಪಿಸಲಾರೆ.

ಗೋಮಾಳಕ್ಕೆ ಇಳಿದ ಈ ವಿದ್ಯೆಯ ಜನ್ಮಸ್ಥಳ ಸ್ವೀಡನ್ನಿನ ಲುಂಡ್ ನಗರ. ಅಲ್ಲಿನ ಎರಿಕ್‌ಸನ್ ಕಂಪನಿಯಲ್ಲಿ 1994ರಲ್ಲಿ ಯಾಪ್ ಹಾರ್ಟ್ಸೆನ್ ಎಂಬ ಡಚ್ ಇಂಜಿನಿಯರರು, ತರುವಾಯ ಅವರೊಡನೆ ಸ್ವೆನ್ ಮ್ಯಾಟಿಸನ್ ಎಂಬವರು, ದೂರವಾಣಿಗೂ ಅದರ ಪರಿವಾರದ ಉಪಕರಣಗಳಿಗೂ ನಡುವೆ ಇದ್ದ ತಂತಿಯನ್ನು ತೊಡೆದುಹಾಕುವ ಕೆಲಸವನ್ನು ಕೈಗೊಂಡರು. 1998ರಲ್ಲಿ ಎರಿಕ್‌ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಈ ಐದು ಕಂಪನಿಗಳು ಸೇರಿ ಒಂದು ಸಂಘವನ್ನು ಕಟ್ಟಿಕೊಂಡು, ಹತ್ತನೆಯ ಶತಮಾನದ ಡೇನಿಶ್ ಅರಸನೊಬ್ಬನ ಅಡ್ಡಹೆಸರನ್ನು ತಮ್ಮ ಶಿಶುವಿಗೆ ಇಟ್ಟವು. ಆ ನಾಮಕರಣದ ಕಥೆ ಎಲ್ಲೆಲ್ಲಿಯೂ ಪ್ರಚಾರದಲ್ಲಿರುವುದರಿಂದ ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಶಬ್ದವು ಶಬ್ದವಾಗಿ ಈ ಹಾದಿಯಲ್ಲಿ ಸಂಚರಿಸುವುದಿಲ್ಲವೆಂಬುದು ಮೊದಲು ಮನಸ್ಸಿನಲ್ಲಿರಬೇಕು. ಸಿ.ಡಿ.ಯ ಗುಣಮಟ್ಟದ ಸಂಗೀತವೆಂದರೆ, ವಾಯುವಿನ ಒತ್ತಡದ ಏರಿಳಿತವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಒಂದೊಂದು ಅಳತೆಯನ್ನೂ ಹದಿನಾರು ದ್ವಿಮಾನ ಅಂಕೆಗಳಲ್ಲಿ ಬರೆದಿಟ್ಟದ್ದು. ಎರಡು ಕಿವಿಗಳ ಪಾಲನ್ನು ಕೂಡಿಸಿದರೆ ಸೆಕೆಂಡಿಗೆ ಹದಿನಾಲ್ಕು ಲಕ್ಷಕ್ಕೆ ಮೀರಿದ ಅಂಕೆಗಳು. ಮೊದಲ ಬ್ಲೂಟೂತ್ತಿನ ಹಾದಿ ಸೆಕೆಂಡಿಗೆ ಹತ್ತು ಲಕ್ಷ ಅಂಕೆಗಳಿಗಿಂತ ಹೆಚ್ಚನ್ನು ಹೊರಲಾರದ್ದು; ಅದರಲ್ಲಿಯೂ ವಿಳಾಸ, ತಪಾಸಣೆ, ಪ್ರತ್ಯುತ್ತರಗಳಿಗೆ ಸಲ್ಲತಕ್ಕ ಭಾಗವನ್ನು ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಆದುದರಿಂದ ಹೊರಡುವ ಮುನ್ನವೇ ಸಂಗೀತದಲ್ಲಿ ಬಹುಭಾಗವನ್ನು ತ್ಯಜಿಸಬೇಕು. ಈ ತ್ಯಾಗದ ವಿಧಾನಕ್ಕೆ ಕೋಡೆಕ್ ಎಂದು ಹೆಸರು. 2003ರ ಸುಮಾರಿಗೆ ಸಂಗೀತಪ್ರಸಾರದ ನಿಯಮಾವಳಿ ಸಿದ್ಧವಾದಾಗ ಎಲ್ಲ ಉಪಕರಣಗಳೂ ಕಡ್ಡಾಯವಾಗಿ ಬಲ್ಲವಾಗಿರಬೇಕೆಂದು ಗೊತ್ತುಮಾಡಿದ್ದು ಎಸ್‌ಬಿಸಿ ಎಂಬುದನ್ನು. ಇದು ಧ್ವನಿಯನ್ನು ಮಂದ್ರದಿಂದ ತಾರದವರೆಗೆ ಎಂಟು ಉಪಪಟ್ಟಿಗಳಾಗಿ ಸೀಳಿ, ಯಾವ ಕ್ಷಣದಲ್ಲಿ ಯಾವ ಪಟ್ಟಿಯಲ್ಲಿ ಹುರುಳಿದೆಯೋ ಅದಕ್ಕೆ ಹೆಚ್ಚು ಅಂಕೆಗಳನ್ನೂ ಉಳಿದವಕ್ಕೆ ಕಡಿಮೆಯನ್ನೂ ಹಂಚುತ್ತದೆ. ಒಂದು ಪ್ರಬಲವಾದ ನಾದದ ನೆರೆಯಲ್ಲಿರುವ ದುರ್ಬಲನಾದವನ್ನು ಮನುಷ್ಯನ ಕಿವಿ ಹೇಗೂ ಕೇಳಿಸಿಕೊಳ್ಳಲಾರದೆಂಬ ಶ್ರವಣಶಾಸ್ತ್ರದ ಸತ್ಯವೇ ಈ ಪಕ್ಷಪಾತಕ್ಕೆ ಆಧಾರ. ಉತ್ತಮ ಎಸ್‌ಬಿಸಿಯೆಂದು ಶಿಫಾರಸು ಪಡೆದ ಮಟ್ಟದಲ್ಲಿ ಸೆಕೆಂಡಿಗೆ 3,28,000 ಅಂಕೆಗಳು ಸಾಗುತ್ತವೆ. ಎಂದರೆ ಮೂಲದ ನಾಲ್ಕನೆಯ ಒಂದು ಪಾಲಿಗೂ ಕಡಿಮೆ; ಆದರೂ ಗಾಯಕನು ಬೇರೊಬ್ಬನಾಗಿ ಕೇಳಿಸುವುದಿಲ್ಲ. ಆಮೇಲೆ ಬಂದ ಆಪ್ಟ್‌ಎಕ್ಸ್, ಎಲ್‌ಡಾಕ್ ಮುಂತಾದವು ತ್ಯಾಗವನ್ನು ಕಡಿಮೆ ಮಾಡಿರುವುದಾಗಿ ಹೇಳಿಕೊಳ್ಳುವುದು ನಿಜ. ಎಲ್‌ಡಾಕ್ 9,90,000 ಅಂಕೆಗಳವರೆಗೆ ಹೋಗಬಲ್ಲುದು. ಆದರೆ ಸಂಚಾರದ ಗದ್ದಲದ ನಡುವೆ, ಅಗ್ಗದ ಸ್ಪೀಕರಿನ ಮುಂದೆ ಕುಳಿತು, ಈ ಕೋಡೆಕ್ಕುಗಳ ತಾರತಮ್ಯವನ್ನು ವಾದಿಸುವವರನ್ನು ಕಂಡರೆ ನನಗೆ ಸೋಜಿಗವಾಗುತ್ತದೆ.

ಈಗ ಹಾದಿಯ ವಿಷಯ. ಬ್ಲೂಟೂತ್ ತನಗೆ ದೊರೆತ ಪಟ್ಟಿಯನ್ನು ಒಂದೊಂದು ಮೆಗಾಹರ್ಟ್ಸಿನ 79 ಓಣಿಗಳಾಗಿ ವಿಭಾಗಿಸಿಕೊಂಡು, ಯಾವ ಓಣಿಯಲ್ಲಿಯೂ ನೆಲೆನಿಲ್ಲದೆ, ಸೆಕೆಂಡಿಗೆ 1,600 ಬಾರಿ ಓಣಿಯಿಂದ ಓಣಿಗೆ ನೆಗೆಯುತ್ತದೆ. ಒಂದು ತಂಗುವಿಕೆಯ ಅವಧಿ 625 ಮೈಕ್ರೋಸೆಕೆಂಡ್. ನೆಗೆತದ ಕ್ರಮ ಹೊರಗಿನವರಿಗೆ ಅಡ್ಡಾದಿಡ್ಡಿಯಾಗಿ ಕಂಡರೂ ಪರಸ್ಪರ ಪರಿಚಿತವಾದ ಎರಡು ಉಪಕರಣಗಳಿಗೆ ಅದು ಕರಾರುವಾಕ್ಕಾಗಿ ತಿಳಿದದ್ದೇ. ಏಕೆಂದರೆ ಅವುಗಳಲ್ಲಿ ನಾಯಕಸ್ಥಾನದಲ್ಲಿರುವ ಉಪಕರಣದ ವಿಳಾಸದಿಂದಲೂ ಅದರ ಗಡಿಯಾರದಿಂದಲೂ ಆ ಕ್ರಮವನ್ನು ಗಣಿತದಿಂದ ಕಟ್ಟಲಾಗುತ್ತದೆ. ಮೊದಲ ಬಾರಿಗೆ ಒಂದು ಇಯರ್‌ಬಡ್ಡನ್ನು ದೂರವಾಣಿಗೆ ಜೋಡಿಸುವಾಗ ಅವು ಕೆಲವು ಕ್ಷಣಗಳ ಕಾಲ ತಡವರಿಸುವುದೇಕೆಂದರೆ, ಪರಸ್ಪರ ಎಲ್ಲಿ ಸಿಕ್ಕುವುದೆಂಬುದು ಅವಕ್ಕೆ ಇನ್ನೂ ತಿಳಿದಿಲ್ಲ: ಒಂದು ಓಣಿಯಿಂದ ಓಣಿಗೆ ಓಡುತ್ತ ಕೂಗುತ್ತಿರುತ್ತದೆ, ಇನ್ನೊಂದು ನಿಧಾನವಾಗಿ ಓಣಿ ಬದಲಿಸುತ್ತ ಕಿವಿಗೊಟ್ಟಿರುತ್ತದೆ. ಭೇಟಿಯಾದ ಬಳಿಕ ವಿಳಾಸವೂ ಗಡಿಯಾರದ ವೇಳೆಯೂ ವಿನಿಮಯವಾಗಿ, ಗೋಪ್ಯವಾದ ಕೀಲಿಯೊಂದು ಇಬ್ಬರಲ್ಲಿಯೂ ಸಿದ್ಧವಾಗಿ, ಮುಂದಿನ ಸಲ ಈ ಪರದಾಟವೆಲ್ಲ ತಪ್ಪುತ್ತದೆ.

ಓಣಿ ಬದಲಿಸುವ ಈ ಉಪಾಯದ ಪೂರ್ವಕಥೆಯಲ್ಲಿ ಹಾಲಿವುಡ್ಡಿನ ನಟಿ ಹೆಡಿ ಲಮಾರ್ ಮತ್ತು ಸಂಗೀತರಚನಕಾರ ಜಾರ್ಜ್ ಆಂಥೈಲ್ ಬರುತ್ತಾರೆ. ಯುದ್ಧಕಾಲದಲ್ಲಿ, 1942ರಲ್ಲಿ, ಶತ್ರುವು ಕೆಡಿಸಲಾಗದಂತೆ ಟಾರ್ಪೆಡೋವನ್ನು ರೇಡಿಯೋದಿಂದ ನಡೆಸುವ ವಿಧಾನವೊಂದಕ್ಕೆ ಇವರಿಗೆ ಹಕ್ಕುಪತ್ರ ದೊರೆಯಿತು: ತಾನೇ ನುಡಿಯುವ ಪಿಯಾನೋದಲ್ಲಿರುವಂತಹ ರಂಧ್ರಮಯವಾದ ಕಾಗದದ ಸುರುಳಿಗಳನ್ನು ಹಡಗಿನಲ್ಲಿಯೂ ಟಾರ್ಪೆಡೋದಲ್ಲಿಯೂ ಏಕಕಾಲದಲ್ಲಿ ಉರುಳಿಸಿ, ಪಿಯಾನೋದ ಮಣೆಗಳಷ್ಟೇ, ಎಂದರೆ 88 ಆವೃತ್ತಿಗಳ ನಡುವೆ ಸಂಕೇತವನ್ನು ಹಾರಿಸುವುದು. ಅಂದಿನ ನೌಕಾಪಡೆ ಅದನ್ನು ಬಳಸಲಿಲ್ಲ. ಲಮಾರಳನ್ನು ಬ್ಲೂಟೂತ್ತಿನ ಜನನಿಯೆಂದು ಸ್ತುತಿಸುವುದು ಇತ್ತೀಚಿನ ವಾಡಿಕೆ. ಅದು ಅತ್ಯುಕ್ತಿಯೇ ಸರಿ, ಏಕೆಂದರೆ ಆವೃತ್ತಿಯನ್ನು ಬದಲಿಸುತ್ತ ಹೋಗುವ ಆಲೋಚನೆ ಅವಳಿಗಿಂತ ಹಿಂದೆಯೂ ಇತರರಿಗೆ ಹೊಳೆದಿತ್ತು. ಆದರೂ ಎರಡು ಕಡೆ ಒಂದೇ ಸುರುಳಿ, ಒಂದೇ ವೇಗ, ಒಂದೇ ಆರಂಭ ಎಂಬ ಆ ಕಲ್ಪನೆಯಲ್ಲಿ ಸಂಗೀತಗಾರನೊಬ್ಬನ ಕೈಯಿರುವುದು ಸ್ಪಷ್ಟ. ತಾಳ ತಪ್ಪದಿರುವುದರ ಮಹತ್ತ್ವ ಅವನಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು?

ನೆಗೆಯುವುದರಿಂದ ಎರಡು ಪ್ರಯೋಜನಗಳು. ಒಂದು ಓಣಿಯಲ್ಲಿ ವೈಫೈಯ ದಟ್ಟಣೆಯೋ ಮೈಕ್ರೋವೇವ್ ಒಲೆಯ ಉಪದ್ರವವೋ ಇದ್ದರೂ ನಷ್ಟವಾಗುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲು ಮಾತ್ರ. ಮತ್ತು ಇತರರಿಗೆ ನಾವು ಕೊಡುವ ಉಪದ್ರವವೂ ಅಷ್ಟೇ ಅಲ್ಪ. 2003ರ ಪರಿಷ್ಕರಣೆಯಲ್ಲಿ ಇನ್ನೊಂದು ವಿವೇಕ ಕೂಡಿಕೊಂಡಿತು: ಯಾವ ಓಣಿಗಳಲ್ಲಿ ಸಂದೇಶ ಪದೇ ಪದೇ ಕೆಡುತ್ತಿದೆಯೆಂಬುದನ್ನು ಗಮನಿಸಿ, ಆ ಓಣಿಗಳನ್ನು ನೆಗೆತದ ಪಟ್ಟಿಯಿಂದ ಬಿಟ್ಟು, ಕನಿಷ್ಠ ಇಪ್ಪತ್ತನ್ನಾದರೂ ಉಳಿಸಿಕೊಂಡು ನಡೆಯುವುದು. ಗೋಮಾಳದಲ್ಲಿ ಇನ್ನೊಬ್ಬರ ಹಿಂಡು ಮೇಯುತ್ತಿರುವ ಕಡೆಗೆ ಹೋಗದಿರುವ ಈ ಮರ್ಯಾದೆ, ಪಟ್ಟಿಯನ್ನು ಹಂಚಿಕೊಂಡಿರುವ ಬೇರೆ ಎಷ್ಟೋ ಯಂತ್ರಗಳಿಗೆ ಇನ್ನೂ ಬಂದಿಲ್ಲ.

ಅತ್ಯಂತ ಮೊಂಡುತನದ ಅಡ್ಡಿ ಮಾತ್ರ ನೆರೆಯವರಿಂದ ಬರುವುದಲ್ಲ, ನಮ್ಮ ದೇಹದಿಂದಲೇ ಬರುವುದು. ಜಲಮಯವಾದ ಮನುಷ್ಯಶರೀರವು ಈ ಆವೃತ್ತಿಯ ತರಂಗವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬಲಗಿಸೆಯ ದೂರವಾಣಿಗೂ ಎಡಗಿವಿಯ ಗ್ರಾಹಕಕ್ಕೂ ನಡುವೆ ಇಡೀ ಮುಂಡವೇ ಅಡ್ಡಗೋಡೆ. ಕೊಠಡಿಯೊಳಗೆ ಕೇಳುವಾಗ ಅಡಚಣೆಯಿಲ್ಲದ ಹಾಡು ಬಯಲಿನಲ್ಲಿ ನಡೆಯುವಾಗ ಒಮ್ಮೊಮ್ಮೆ ಕತ್ತರಿಸಿದಂತಾಗುವುದನ್ನು ಅನೇಕರು ಗಮನಿಸಿರಬಹುದು. ಬಯಲಿನಲ್ಲಿ ಯಾವ ತಡೆಯೂ ಇಲ್ಲವಲ್ಲ ಎಂದು ಅವರ ಆಶ್ಚರ್ಯ. ಆದರೆ ಕಾರಣ ಅದೇ. ಕೊಠಡಿಯಲ್ಲಿ ಗೋಡೆಗೂ ಸೂರಿಗೂ ತಾಗಿ ಪ್ರತಿಫಲಿಸಿದ ತರಂಗವು ದೇಹವನ್ನು ಬಳಸಿ ಕಿವಿಯನ್ನು ಸೇರುತ್ತದೆ. ಬಯಲಿನಲ್ಲಿ ಹಿಂದಿರುಗಿಸುವವರಾರೂ ಇಲ್ಲದೆ ಅದು ಹೊರಟೇಹೋಗುತ್ತದೆ.

ಹಾದಿಯಲ್ಲಿ ಕೆಟ್ಟುಹೋದ ಸಂದೇಶದ ಗತಿಯೇನು? ಇಲ್ಲಿ ಸಂಗೀತಕ್ಕೂ ಸಂಭಾಷಣೆಗೂ ಬೇರೆ ಬೇರೆ ನ್ಯಾಯ. ಸಂಗೀತದ ಪ್ರತಿಯೊಂದು ಕಂತಿನೊಡನೆಯೂ ಒಂದು ತಾಳೆಯಂಕೆ ಇರುತ್ತದೆ. ಗ್ರಾಹಕವು ಅದನ್ನು ಪರೀಕ್ಷಿಸಿ ಸರಿಯಿಲ್ಲವೆಂದರೆ ಪ್ರೇಷಕವು ಮತ್ತೊಮ್ಮೆ ಕಳುಹಿಸುತ್ತದೆ, ಬೇಕಾದರೆ ಮಗದೊಮ್ಮೆ. ಈ ಪುನಃಪ್ರೇಷಣಕ್ಕೆ ವ್ಯವಧಾನ ದೊರೆಯಬೇಕಾದರೆ, ಇಯರ್‌ಬಡ್ಡು ಬಂದುದನ್ನು ಬಂದಂತೆಯೇ ನುಡಿಸದೆ ಸ್ವಲ್ಪ ಕೂಡಿಟ್ಟುಕೊಂಡು, ಒಂದೆರಡು ನೂರು ಮಿಲಿಸೆಕೆಂಡುಗಳಷ್ಟು ಹಿಂದೆ ಬಿದ್ದು, ಆ ಸಂಗ್ರಹದಿಂದ ನುಡಿಸುತ್ತ ಹೋಗಬೇಕಾಗುತ್ತದೆ. ಭಂಗವಿಲ್ಲದ ಸಂಗೀತಕ್ಕೆ ನಾವು ಕೊಡುವ ಬೆಲೆ ಈ ವಿಳಂಬ. ಚಲನಚಿತ್ರ ನೋಡುವಾಗ ತುಟಿಗೂ ಮಾತಿಗೂ ಹೊಂದಿಕೆ ತಪ್ಪಬೇಕಾಗಿದ್ದಿತು; ತಪ್ಪದಿರುವುದಕ್ಕೆ ಕಾರಣ, ದೂರವಾಣಿಯು ಈ ವಿಳಂಬವನ್ನು ಮೊದಲೇ ಅಂದಾಜು ಮಾಡಿ ಚಿತ್ರವನ್ನೂ ಅಷ್ಟೇ ತಡೆಹಿಡಿಯುವುದು. ಸಂಭಾಷಣೆಯಲ್ಲಿ ಹಾಗೆ ಮಾಡಲಾಗದು. ಎದುರಿನವನು ಉತ್ತರಕ್ಕಾಗಿ ಕಾದಿರುವಾಗ ತಡವಾಗಿ ಬಂದ ಶುದ್ಧಪದಕ್ಕಿಂತ ಸಕಾಲದಲ್ಲಿ ಬಂದ ಅರೆಮುಕ್ಕಾದ ಪದವೇ ಲೇಸು. ಆದುದರಿಂದ ಮಾತಿಗೆಂದೇ ಕಾಲದ ಕಂಡಿಗಳನ್ನು ಮುಂಗಡವಾಗಿ ಕಾಯ್ದಿರಿಸಿ, ಕೆಟ್ಟದ್ದನ್ನು ಮರಳಿ ಕಳುಹಿಸುವುದಕ್ಕೆ ಹೆಚ್ಚು ಹೆಣಗದೆ ಮುಂದೆ ಸಾಗಲಾಗುತ್ತದೆ. ಹಾಡು ಕೇಳುತ್ತಿದ್ದವರಿಗೆ ಕರೆ ಬಂದು ಮೈಕ್ ಎಚ್ಚೆತ್ತೊಡನೆಯೇ ಧ್ವನಿಯ ಸೊಗಸೆಲ್ಲ ಉಡುಗಿ ಹಳೆಯ ಟೆಲಿಫೋನಿನಂತಾಗುವುದು ಇದರಿಂದಲೇ: ಸಂಗೀತದ ವ್ಯವಸ್ಥೆ ಏಕಮುಖವಾದದ್ದು, ಇಮ್ಮುಖದ ಮಾತಿಗೆ ಬಂದಾಗ ಉಪಕರಣವು ಸೆಕೆಂಡಿಗೆ 8,000 ಅಥವಾ 16,000 ಅಳತೆಗಳ ಬಡ ವ್ಯವಸ್ಥೆಗೆ ಇಳಿಯಬೇಕು.

ಈ ವಿಳಂಬ ನಮ್ಮ ಸಂಗೀತಾಭ್ಯಾಸಿಗಳಿಗೆ ಎಲ್ಲಿ ತೊಡಕು, ಎಲ್ಲಿ ಅಲ್ಲ ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ. ದೂರವಾಣಿಯಲ್ಲಿರುವ ತಂಬೂರಿಯ ಶ್ರುತಿಯನ್ನು ಬ್ಲೂಟೂತ್ ಸ್ಪೀಕರಿಗೆ ಕಳುಹಿಸಿ ಹಾಡುವವರಿಗೆ ಏನೂ ಬಾಧಕವಿಲ್ಲ, ಶ್ರುತಿಗೆ ತಡವೆಂಬುದಿಲ್ಲ. ತಾಳದ ಯಂತ್ರವನ್ನು ಹಾಗೆ ಕಳುಹಿಸಿದರೂ ಚಿಂತೆಯಿಲ್ಲ. ಕೇಳಿದ ತಾಳಕ್ಕೆ ಹಾಡಿದರಾಯಿತು, ಅದು ಎಷ್ಟು ಹಿಂದೆ ಹೊರಟದ್ದೆಂಬುದು ಹಾಡುವವರಿಗೆ ಅನಾವಶ್ಯಕ. ಹಾಡುವವರ ಕಂಠವೇ ಮೈಕಿನ ಮೂಲಕ ಹೋಗಿ ನಿಸ್ತಂತು ಮಾರ್ಗವಾಗಿ ಮರಳಿ ಅವರ ಕಿವಿಗೆ ಬರಬೇಕೆಂದಾಗ, ಅಥವಾ ಮೃದಂಗದವರು ಗಾಯಕರನ್ನು ಇಯರ್‌ಬಡ್ಡಿನ ಮೂಲಕ ಕೇಳಿ ನುಡಿಸಬೇಕೆಂದಾಗ ಅನರ್ಥ ಆರಂಭವಾಗುತ್ತದೆ. ಒಂದು ಅಕ್ಷರಕಾಲ ಅರ್ಧ ಸೆಕೆಂಡೆಂದು ಹಿಡಿದರೆ ಚತುರಶ್ರ ನಡೆಯಲ್ಲಿ ಅದರ ನಾಲ್ಕನೆಯ ಒಂದು ಪಾಲು 125 ಮಿಲಿಸೆಕೆಂಡ್; 200 ಮಿಲಿಸೆಕೆಂಡುಗಳ ವಿಳಂಬವೆಂದರೆ ಅಂತಹ ಒಂದೂವರೆ ಪಾಲಿಗಿಂತ ಹೆಚ್ಚು. ಎಷ್ಟು ದೊಡ್ಡ ವಿದ್ವಾಂಸರಾದರೂ ಅಲ್ಲಿ ಎಡುಪು ಉಳಿಯಲಾರದು. ಕಛೇರಿಯ ವೇದಿಕೆಗಳಲ್ಲಿ ನಿಸ್ತಂತು ಮೈಕುಗಳನ್ನು ಕಂಡು ಅವೂ ಬ್ಲೂಟೂತ್ತೇ ಎಂದು ಭಾವಿಸುವವರುಂಟು. ಅವು ಬೇರೆ ಜಾತಿಯವು, ಬೇರೆ ಆವೃತ್ತಿಗಳಲ್ಲಿ ವಿಳಂಬವನ್ನು ಮಿಲಿಸೆಕೆಂಡುಗಳೊಳಗೆ ಅಡಗಿಸಿಕೊಂಡವು.

ಗಡಿಯಾರಗಳ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ದೂರವಾಣಿಯ ಹರಳು ಹೇಳುವ ಸೆಕೆಂಡೂ ಇಯರ್‌ಬಡ್ಡಿನ ಹರಳು ಹೇಳುವ ಸೆಕೆಂಡೂ ಸರ್ವಥಾ ಸಮವಲ್ಲ. ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲಿನ ವ್ಯತ್ಯಾಸವಿದ್ದರೂ ಒಂದು ಗಂಟೆಯ ಕಛೇರಿಯಲ್ಲಿ ಅದು 72 ಮಿಲಿಸೆಕೆಂಡುಗಳಾಗಿ ಬೆಳೆದು, ಕೂಡಿಟ್ಟ ಸಂಗ್ರಹ ಬರಿದಾಗುವುದಕ್ಕೋ ತುಂಬಿ ಚೆಲ್ಲುವುದಕ್ಕೋ ಕಾರಣವಾಗುತ್ತದೆ. ಗ್ರಾಹಕವು ತನ್ನ ವೇಗವನ್ನು ಕೇಳುಗನ ಅರಿವಿಗೆ ಬಾರದಂತೆ ತಿದ್ದಿಕೊಳ್ಳುತ್ತಲೇ ಇರಬೇಕು. 2016ರ ಬಳಿಕ, ಎರಡು ಕಿವಿಗಳ ನಡುವಣ ತಂತಿಯೂ ಮಾಯವಾದ ಮೇಲೆ, ತೊಂದರೆ ಇಮ್ಮಡಿಯಾಯಿತು. ನಾದ ಯಾವ ದಿಕ್ಕಿನಿಂದ ಬಂದಿತೆಂಬುದನ್ನು ನಮ್ಮ ಮೆದುಳು ಎರಡು ಕಿವಿಗಳ ನಡುವಣ ಮೈಕ್ರೋಸೆಕೆಂಡುಗಳ ಅಂತರದಿಂದ ನಿರ್ಣಯಿಸುವುದರಿಂದ, ಎಡಬಲಗಳು ಕೊಂಚ ಹಿಂದುಮುಂದಾದರೂ ಗಾಯಕನು ನಡುವಿನಿಂದ ಪಕ್ಕಕ್ಕೆ ಸರಿದಂತಾಗುತ್ತದೆ. ಹಳೆಯ ನಿಯಮಾವಳಿ ಒಬ್ಬ ಕೇಳುಗನಿಗೆ ಒಂದೇ ಉಪಕರಣವೆಂದು ಭಾವಿಸಿದ್ದಿತು. ತಯಾರಕರು ತಮತಮಗೆ ತೋಚಿದ ಯುಕ್ತಿಗಳನ್ನು ಹೂಡಿದರು. ಒಂದು ಕಿವಿ ಸ್ವೀಕರಿಸಿ ಇನ್ನೊಂದಕ್ಕೆ ದಾಟಿಸುವುದು ಒಂದು ಯುಕ್ತಿಯಾದರೆ, ಒಂದರೊಡನೆ ನಡೆಯುವ ಸಂಭಾಷಣೆಯನ್ನು ಇನ್ನೊಂದು ಮರೆಯಲ್ಲಿ ನಿಂತು ಆಲಿಸುವುದು ಇನ್ನೊಂದು.

2020ರಲ್ಲಿ ಪ್ರಕಟವಾದ ಎಲ್‌ಇ ಆಡಿಯೋ ಎಂಬ ಹೊಸ ವ್ಯವಸ್ಥೆಯು ಈ ಕದ್ದಾಲಿಕೆಯನ್ನು ಅನಗತ್ಯಗೊಳಿಸಿತು. ಎಡಗಿವಿಗೊಂದು ಬಲಗಿವಿಗೊಂದು ಪ್ರತ್ಯೇಕ ಹರಿವು, ಎರಡಕ್ಕೂ ಸಮಾನವಾಗಿ ಗೊತ್ತುಮಾಡಿದ ನುಡಿಯುವ ಮುಹೂರ್ತ; ಅದರೊಡನೆ, ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯೂ ಎರಿಕ್‌ಸನ್ನೂ ರೂಪಿಸಿದ ಎಲ್‌ಸಿ3 ಎಂಬ ಕೋಡೆಕ್. ಎಸ್‌ಬಿಸಿಯ ಅರ್ಧದಷ್ಟು ಅಂಕೆಗಳಲ್ಲಿಯೇ ಅದಕ್ಕೆ ಸಮನಾದ ಅಥವಾ ಮಿಗಿಲಾದ ಶ್ರವಣಗುಣ ಸಿಗುವುದೆಂಬುದು ಸಂಘದ ಪ್ರತಿಪಾದನೆ. ಅರ್ಧ ಅಂಕೆಗಳೆಂದರೆ ಅಷ್ಟು ಹೊತ್ತು ಪ್ರೇಷಕ ಮೌನವಾಗಿರಬಹುದು, ಬ್ಯಾಟರಿ ಉಳಿಯಬಹುದು, ನೆರೆಯವರಿಗೆ ಜಾಗ ಬಿಡಬಹುದು.

ಆ ವ್ಯವಸ್ಥೆಯ ಇನ್ನೊಂದು ಅಂಗವಾದ ಔರಾಕಾಸ್ಟ್ ನನಗೆ ಎಲ್ಲಕ್ಕಿಂತ ಹೆಚ್ಚು ಆಸಕ್ತಿಯ ವಿಷಯ. ಇದರಲ್ಲಿ ಜೋಡಣೆಯ ಶಾಸ್ತ್ರವೇ ಇಲ್ಲ: ಪ್ರೇಷಕವು ಒಂದು ಸಭಾಂಗಣದಲ್ಲಿ ನಿಂತು ಬಿತ್ತರಿಸುತ್ತದೆ, ವ್ಯಾಪ್ತಿಯಲ್ಲಿರುವ ಎಷ್ಟು ಕಿವಿಗಳಾದರೂ ಕೇಳಬಹುದು. ಮೈಸೂರಿನ ಆ ಮನೆಯ ಬಾನುಲಿ ಊರಿಗೆ ಮಾಡಿದ್ದನ್ನು ಇದು ಒಂದು ಕೋಣೆಗೆ ಮಾಡುತ್ತದೆಯೆನ್ನಬಹುದು. ಕಿವಿ ಮಂದವಾದವರಿಗೆ ಇದರ ಉಪಯೋಗ ಬಹಳ. ಭಾಷಣಕಾರನ ಮೈಕಿನ ಧ್ವನಿಯು ಸಭೆಯ ಗುಜುಗುಜು ಬೆರೆಯದೆ ನೇರವಾಗಿ ಅವರ ಶ್ರವಣಸಾಧನವನ್ನು ಸೇರುವುದು. ಇಂತಹ ಉಪಕಾರ ಹೊಸದೇನೂ ಅಲ್ಲ. ಬ್ರಿಟನ್ನಿನಲ್ಲಿ 1937ರಲ್ಲಿಯೇ ಜೋಸೆಫ್ ಪೋಲಿಯಾಕಾಫ್ ಎಂಬವರು ಹಕ್ಕುಪತ್ರ ಪಡೆದ ಏರ್ಪಾಡಿನಲ್ಲಿ, ಸಭಾಂಗಣದ ಸುತ್ತ ಸುತ್ತಿದ ತಂತಿಯಲ್ಲಿ ಧ್ವನಿಯ ವಿದ್ಯುತ್ತು ಹರಿದು, ಅದರ ಕಾಂತಕ್ಷೇತ್ರವು ಕೇಳುಗನ ಬಳಿಯ ಸುರುಳಿಯಲ್ಲಿ ಮತ್ತೆ ಧ್ವನಿಯಾಗುತ್ತಿದ್ದಿತು. ಟೆಲಿಕಾಯಿಲ್ ಎಂಬ ಆ ಸುರುಳಿ ಇಂದಿಗೂ ಅನೇಕ ಶ್ರವಣಸಾಧನಗಳಲ್ಲಿದೆ. ಅದಕ್ಕೆ ಕೋಡೆಕ್ ಬೇಡ, ಸಂಗ್ರಹ ಬೇಡ, ವಿಳಂಬವಿಲ್ಲ; ಎದುರಿಗೆ ಮಾತಾಡುವವನ ತುಟಿಯನ್ನು ನೋಡಿ ಅರ್ಧ, ಕೇಳಿ ಅರ್ಧ ಗ್ರಹಿಸುವವರಿಗೆ ಈ ಗುಣ ಸಾಮಾನ್ಯವಾದದ್ದಲ್ಲ. ಔರಾಕಾಸ್ಟಿನ ವಿಳಂಬ ಹಳೆಯ ಬ್ಲೂಟೂತ್ತಿನದಕ್ಕಿಂತ ಎಷ್ಟೋ ಕಡಿಮೆಯಾದರೂ ಶೂನ್ಯವಲ್ಲ. ಅದನ್ನು ಬಿತ್ತರಿಸುವ ಸಭಾಂಗಣಗಳೂ ಸ್ವೀಕರಿಸುವ ಸಾಧನಗಳೂ ಇನ್ನೂ ವಿರಳ. ಕೆಲವು ತಯಾರಕರು ಹೊಸ ಗ್ರಾಹಕವನ್ನೂ ಹಳೆಯ ಸುರುಳಿಯನ್ನೂ ಒಂದೇ ಶ್ರವಣಸಾಧನದೊಳಗೆ ಇಟ್ಟು ಮಾರುತ್ತಿದ್ದಾರೆ. ಕೊಳ್ಳುವವರು ಸದ್ಯಕ್ಕೆ ಎರಡೂ ಇರುವುದನ್ನೇ ಕೇಳಿ ಪಡೆಯುವುದು ಒಳ್ಳೆಯದು.